ಹಾಲು ಹೊಳೆದ ಗಾಜು

"ಬುದ್ಧಿ, ಒಬ್ಬ ಮನುಷ್ಯ ನಿಜವಾಗಿ ಬದಲಾಗಿದ್ದಾನೆ ಎಂದು ತಿಳಿಯುವುದು ಹೇಗೆ?"

ಕೇಳಿದವನು ಮರುಳಯ್ಯ. ಮಠದಲ್ಲಿ ಆರು ವರ್ಷದಿಂದ ಇದ್ದ ಶಿಷ್ಯ. ಕಳೆದ ಒಂದು ವರ್ಷದಿಂದ ಪ್ರತಿ ಸೋಮವಾರ ಬೆಳಿಗ್ಗೆ ಪೇಟೆಯ ಜೈಲಿಗೆ ಹೋಗಿ, ಅಲ್ಲಿನ ಇಪ್ಪತ್ತೆರಡು ಮಂದಿ ಕೈದಿಗಳಿಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದ. ಒಂದು ಸೋಮವಾರವನ್ನೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿದ್ದ.

ಅಂದು ಭಾನುವಾರ. ಗುರುಗಳು ಜಗಲಿಯಲ್ಲಿ ಕುಳಿತು ದಾಸೋಹಕ್ಕೆ ಅವರೆಕಾಯಿ ಬಿಡಿಸುತ್ತಿದ್ದರು. ಮರುಳಯ್ಯನೂ ಎದುರಿಗೆ ಕುಳಿತು ಕೈ ಹಚ್ಚಿದ್ದ.

"ಈಗ ಬದಲಾದವರು ಯಾರಪ್ಪಾ?" ಎಂದರು ಗುರುಗಳು.

"ಎಲ್ಲರೂ, ಬುದ್ಧಿ. ನಾನು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಲ್ಲುತ್ತಾರೆ. ಕಣ್ಣು ಮುಚ್ಚಿ ಹಾಡುತ್ತಾರೆ. ಹಾಡು ಗೋಡೆ ದಾಟಿ ಬೀದಿಗೆ ಕೇಳುತ್ತದೆ. ಎದುರಿಗೆ ಹೂ ಮಾರುವ ಹೆಂಗಸು ಮಾಲೆ ಕಟ್ಟುವುದನ್ನು ನಿಲ್ಲಿಸಿ ಕೈ ಮುಗಿಯುತ್ತಾಳಂತೆ. ಇಪ್ಪತ್ತೆರಡು ಮುಖದಲ್ಲೂ ನನಗೆ ಶಿವನ ಕಳೆ ಕಾಣುತ್ತದೆ. ಆದರೆ ಮೊನ್ನೆ ಜೈಲರ್ ಸಾಹೇಬರು ನಕ್ಕುಬಿಟ್ಟರು. 'ಸ್ವಾಮೇರೆ, ನಿಮ್ಮ ಕಣ್ಣಿಗೆ ಎಲ್ಲಾರೂ ಒಳ್ಳೇರೇ ಬಿಡಿ' ಅಂದರು. ಅಂದಿನಿಂದ ಮನಸ್ಸು ಕೂತಲ್ಲಿ ಕೂರುತ್ತಿಲ್ಲ. ಒಂದು ವರ್ಷದಿಂದ ನಾನು ಕಂಡದ್ದು ನಿಜವೋ, ನನ್ನ ಕಣ್ಣಿನ ಆಸೆಯೋ?"

"ಕಡಲೆ ಬೆಲ್ಲ ಒಯ್ಯುತ್ತೀಯಲ್ಲವೇ?"

"ಒಯ್ಯುತ್ತೇನೆ ಬುದ್ಧಿ, ಪ್ರಸಾದ. ಒಬ್ಬೊಬ್ಬರಿಗೆ ಒಂದೊಂದು ಹಿಡಿ."

"ಎರಡೆರಡು ಹಿಡಿ ಒಯ್ದಿದ್ದರೆ ಕಳೆ ಇನ್ನೂ ಏರುತ್ತಿತ್ತೋ ಏನೋ."

ಮರುಳಯ್ಯನ ಮುಖ ಬಾಡಿತು. ಗುರುಗಳು ಅವನ ಬೆನ್ನು ತಟ್ಟಿದರು. ಅವರು ಕಾವಿ ಉಡುವ ಮೊದಲು ಜೀವಶಾಸ್ತ್ರ ಓದಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ದೇವರ ಕೈಗೆಲಸ ನೋಡಲು ಎರಡು ಕಡೆ ಹೋದೆ, ಎರಡೂ ಕಡೆ ಒಬ್ಬನದೇ ಕೈ ಕಂಡಿತು ಎನ್ನುತ್ತಿದ್ದರು. ಮೊರವನ್ನು ಪಕ್ಕಕ್ಕೆ ಸರಿಸಿ ಒಂದು ಕತೆ ಹೇಳಿದರು.

ಹಿರಿಯರೊಬ್ಬರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಒಬ್ಬಳು ಸಂಶೋಧಕಿ ಇದ್ದಳು. ಅವಳ ತಾಯಿಗೆ ಸಕ್ಕರೆ ಕಾಯಿಲೆ. ಅದು ಕಾಲಿನ ನರಗಳನ್ನು ತಿಂದು, ಪಾದದ ಸ್ಪರ್ಶವೇ ಹೋಗಿತ್ತು. ನಡೆಯುವಾಗ ಒಂದು ಚಪ್ಪಲಿ ಕಳಚಿ ಬಿದ್ದರೂ ಆ ತಾಯಿಗೆ ಗೊತ್ತಾಗುತ್ತಿರಲಿಲ್ಲ. ಒಂಟಿ ಚಪ್ಪಲಿಯಲ್ಲೇ ಸಂತೆ ಮುಟ್ಟುತ್ತಿದ್ದಳು. ಹಿಂದಿನಿಂದ ಬಂದವರು ಬಿದ್ದ ಚಪ್ಪಲಿ ಎತ್ತಿ ಹಿಡಿದು ಕೂಗುತ್ತಿದ್ದರು. ಆಕೆ ತಿರುಗಿ, ತನ್ನ ಬರಿಗಾಲು ನೋಡಿಕೊಂಡು, ನಗುತ್ತಿದ್ದಳು. ಮಗಳು ಆ ನಗುವನ್ನು ಒಮ್ಮೆ ಕಣ್ಣಾರೆ ಕಂಡಳು. ಓದುವುದಾದರೆ ನರವನ್ನೇ ಓದುತ್ತೇನೆ ಎಂದು ಅಂದೇ ನಿಶ್ಚಯಿಸಿದಳು.

ನರಕೋಶವೂ ಒಂದು ಮನೆ. ಮನೆಗೆ ಕಂಬ ತೊಲೆಗಳಿರುವಂತೆ ಅದರೊಳಗೆ ನೂಲಿನಂಥ ಎಳೆಗಳಿವೆ. ಅವು ಪ್ರೋಟೀನುಗಳು. ಕೋಶ ಬಿದ್ದುಹೋಗದಂತೆ ಎತ್ತಿ ನಿಲ್ಲಿಸುವುದು ಅವುಗಳ ಕೆಲಸ. ಕೋಶ ತನ್ನ ಉದ್ದನೆಯ ತೋಳನ್ನು ಚಾಚಿ ಗಟ್ಟಿಮಾಡಿಕೊಂಡಾಗ ಆ ಎಳೆಗಳ ಮೇಲೆ ರಂಜಕದ ಚಿಕ್ಕದೊಂದು ಗುರುತು ಬೀಳುತ್ತದೆ. ಗುರುತು ಬಿದ್ದ ಎಳೆ, ಬೀಳದ ಎಳೆ, ನೋಡಲು ಎರಡೂ ಒಂದೇ ಥರ. ಬದಲಾದ ಮನುಷ್ಯನೂ ಹಾಗೆಯೇ ಅಲ್ಲವೇ? ಅದೇ ಮೂಗು, ಅದೇ ಮೀಸೆ.

ಆದರೆ ಆ ಗುರುತನ್ನು ಬಲ್ಲ ವಸ್ತು ಒಂದುಂಟು. ಅದಕ್ಕೆ ಪ್ರತಿಕಾಯ ಎನ್ನುತ್ತಾರೆ. ನಮ್ಮ ಮೈಗೆ ರೋಗಾಣು ಹೊಕ್ಕಾಗ ಹುಡುಕಿ ಹಿಡಿಯಲೆಂದು ದೇವರು ರಕ್ತದಲ್ಲಿ ಇಟ್ಟ ಕಾವಲುಗಾರರೇ ಪ್ರತಿಕಾಯಗಳು. ಪ್ರಯೋಗಾಲಯದವರು ಅಂಥ ಕಾವಲುಗಾರನನ್ನು ಈ ಒಂದೇ ಒಂದು ಗುರುತಿಗಾಗಿ ಪಳಗಿಸಿರುತ್ತಾರೆ. ಗುರುತು ಇದ್ದಲ್ಲಿ ಅವನು ಹಿಡಿದು ನಿಲ್ಲುತ್ತಾನೆ. ಇಲ್ಲದಿದ್ದರೆ ಸಾವಿರ ಎಳೆಗಳನ್ನು ದಾಟಿ ಹೋಗುತ್ತಾನೆ, ತಿರುಗಿಯೂ ನೋಡುವುದಿಲ್ಲ. ಆಮೇಲೆ ಅವನ ಬೆನ್ನಿಗೆ ಹೊಳೆಯುವ ಬಣ್ಣ ಹಚ್ಚುತ್ತಾರೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಅವನು ನಿಂತ ಜಾಗವೆಲ್ಲ ಹಸಿರಾಗಿ ಬೆಳಗುತ್ತದೆ.

ಸಂಶೋಧಕಿಯ ಕೈಯಲ್ಲಿ ಒಂದು ಹೊಸ ಔಷಧಿ ಇತ್ತು. ಸೋತು ಮಲಗಿದ ನರಕೋಶಗಳಿಗೆ ಅದನ್ನು ಕೊಟ್ಟರೆ ಅವು ಮತ್ತೆ ತೋಳು ಗಟ್ಟಿಮಾಡಿಕೊಳ್ಳುತ್ತವೆಯೇ? ಆ ಗುರುತು ಬೀಳುತ್ತದೆಯೇ? ಅವಳಿಗಿದ್ದದ್ದು ಅದೊಂದೇ ಪ್ರಶ್ನೆ. ಉತ್ತರ ಹೇಳಬೇಕಾದ ಪ್ರತಿಕಾಯ ಪರದೇಶದಿಂದ ಮಂಜುಗಡ್ಡೆಯಲ್ಲಿ ಕುಳಿತು ನಾಲ್ಕು ತಿಂಗಳಿಗೆ ಬಂದಿತ್ತು. ಕಿರುಬೆರಳಿನಷ್ಟು ಶೀಷೆ. ಅದರ ತಳದಲ್ಲಿ ಎರಡೇ ಹನಿ.

ಆ ಪ್ರಯೋಗಾಲಯದಲ್ಲಿ ಹಿರಿಯರು ಇಟ್ಟ ಒಂದು ಪದ್ಧತಿ ಇತ್ತು. ಕೋಶಗಳನ್ನು ಕೂರಿಸಿದ ಗಾಜಿನ ಚೂರುಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಇಡುವರು. ಒಂದು ತಟ್ಟೆಗೆ ಎಂಟು ಗಾಜು. ಅದರಲ್ಲಿ ಮೊದಲನೆಯದು ಯಾವಾಗಲೂ ಖಾಲಿ. ಅದರ ಮೇಲೆ ಕೋಶವಿಲ್ಲ, ಏನೂ ಇಲ್ಲ. ಆದರೂ ಉಳಿದ ಏಳಕ್ಕೆ ಬಡಿಸಿದ್ದನ್ನೆಲ್ಲ ಅದಕ್ಕೂ ಬಡಿಸಬೇಕು. ಹಿರಿಯರು ಅದನ್ನು ಮೊದಲ ಎಲೆ ಎಂದು ಕರೆಯುತ್ತಿದ್ದರು.

ಹೊಸದಾಗಿ ಸೇರಿದವರೆಲ್ಲ ಒಂದೇ ಮಾತು ಕೇಳುವರು. ಇವಳೂ ಕೇಳಿದ್ದಳು.

"ಉಣ್ಣೋರೇ ಇಲ್ಲದ ಎಲೆಗೆ ಯಾಕೆ ಸರ್ ಬಡಿಸೋದು?"

"ಉಣ್ಣೋರಿಲ್ಲದ ಎಲೆ ಖಾಲಿ ಆಯ್ತು ಅನ್ನು. ಆಗ ಮನೇಲಿ ಇಲಿ ಇದೆ ಅಂತ ಗೊತ್ತಾಗುತ್ತಮ್ಮಾ."

ಎಲ್ಲರೂ ನಕ್ಕಿದ್ದರು. ಇವಳೂ ನಕ್ಕಿದ್ದಳು.

ಇನ್ನೊಂದು ಪದ್ಧತಿಯೂ ಇತ್ತು. ಅದು ಇವಳಿಗೆ ಬಹಳ ಇಷ್ಟ. ಗಾಜಿನ ಮೇಲೆ, ಕೋಶದ ಒಳಗೆ, ಅಂಟು ಅಂಟಾದ ಜಾಗಗಳಿರುತ್ತವೆ. ಪ್ರತಿಕಾಯ ಅಲ್ಲಿ ಸುಮ್ಮನೆ ಅಂಟಿ ಕೂತರೆ ಕಷ್ಟ. ಅದಕ್ಕೇ ಎಲ್ಲಕ್ಕಿಂತ ಮೊದಲು ಗಾಜುಗಳ ಮೇಲೆ ಹಾಲು ಹೊಯ್ಯುವರು. ಪುಡಿ ಕಲಸಿದ ಹಾಲು. ಅಂಟಿನ ಜಾಗವನ್ನೆಲ್ಲ ಹಾಲು ತುಂಬಿಕೊಂಡರೆ ಪ್ರತಿಕಾಯ ತನ್ನ ಕೆಲಸ ನೋಡಿಕೊಳ್ಳುತ್ತದೆ. ಅವಳ ತಾಯಿ ದಿನವೂ ಲಿಂಗಕ್ಕೆ ಹಾಲೆರೆಯುವವಳು. ಕಾಲೇಜು ಓದುವಾಗ ಮಗಳು ಅದನ್ನು ನೋಡಿ ನಗುತ್ತಿದ್ದಳು. ಪ್ರಯೋಗಾಲಯಕ್ಕೆ ಬಂದ ಮೊದಲ ದಿನ ತಾನೇ ಹಾಲೆರೆಯುತ್ತ ನಿಂತಾಗ ಅವಳಿಗೆ ತಾಯಿಯ ನೆನಪು ಬಂದಿತ್ತು.

ಪ್ರತಿಕಾಯ ಬಂದ ವಾರ ಹಿರಿಯರು ಊರಲ್ಲಿರಲಿಲ್ಲ. ಅವಳಿಗೆ ಕಾಯಲು ಮನಸ್ಸಾಗಲಿಲ್ಲ. ಎಂಟು ಗಾಜು ಜೋಡಿಸಿದಳು. ಮೊದಲ ಎಲೆಯ ಜಾಗಕ್ಕೆ ಬಂದಾಗ ಕೈ ತಡೆಯಿತು. ಇರುವುದೇ ಎರಡು ಹನಿ. ಬರೀ ಗಾಜಿಗೆ ಅದನ್ನು ಚೆಲ್ಲುವುದೇ? ಆ ಜಾಗದಲ್ಲೂ ಕೋಶದ ಗಾಜನ್ನೇ ಇಟ್ಟಳು. ಎಂಟಕ್ಕೂ ಔಷಧಿ ಕೊಟ್ಟಿದ್ದಳು, ಒಂದಕ್ಕೆ ತೀರ ಕಡಿಮೆ, ಒಂದಕ್ಕೆ ತೀರ ಹೆಚ್ಚು. ಹಾಲೆರೆದಳು. ಪ್ರತಿಕಾಯ ಹಾಕಿದಳು. ಬಣ್ಣ ಹಚ್ಚಿದಳು. ತೊಳೆದಳು. ಕಣ್ಣಿಟ್ಟಳು.

ಎಂಟೂ ಹೊಳೆಯುತ್ತಿದ್ದವು!

ಒಂದು ಕೋಶವೂ ಬಿಡದೆ, ಒಂದು ಮೂಲೆಯೂ ಬಿಡದೆ, ಹಸಿರು ಬೆಳಕು ತುಂಬಿಕೊಂಡಿತ್ತು. ತೀರ ಕಡಿಮೆ ಔಷಧಿ ಉಂಡದ್ದೂ ತೀರ ಹೆಚ್ಚು ಉಂಡದ್ದೂ ಒಂದೇ ಸಮ ಬೆಳಗುತ್ತಿದ್ದವು. ಅಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಂತೋಷ ಅವಳನ್ನು ಎತ್ತಿಕೊಂಡು ಹೋಗಿತ್ತು. ಹೊರಗೆ ಓಡಿ ತಾಯಿಗೆ ಫೋನ್ ಮಾಡಿದಳು.

"ಅವ್ವಾ, ಔಷಧಿ ಕೆಲಸ ಮಾಡ್ತು ಕಣವ್ವಾ! ಸತ್ತ ಹಾಗೆ ಬಿದ್ದಿದ್ದ ನರ ಎಲ್ಲಾ ಎದ್ದು ಕೂತಿವೆ. ಎಲ್ಲಾ!"

"ಹಂಗಾದ್ರೆ ನಂಗೆ ನೆಲ ಗೊತ್ತಾಗುತ್ತಾ ಮಗಾ?" ಎಂದಳು ತಾಯಿ.

"ಗೊತ್ತಾಗುತ್ತವ್ವಾ" ಎಂದುಬಿಟ್ಟಳು ಮಗಳು.

ಗಾಜಿನ ಮೇಲಿನ ಕೋಶಕ್ಕೂ ಊರಿನಲ್ಲಿರುವ ಪಾದಕ್ಕೂ ನಡುವೆ ಎಷ್ಟು ವರ್ಷಗಳ ದಾರಿ ಇದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆ ಗಳಿಗೆಯಲ್ಲಿ ಮರೆತಿದ್ದಳು. ತಾಯಿ ಅಂದೇ ಹೆಚ್ಚು ಹಾಲು ತರಿಸಿ ಅಭಿಷೇಕ ಮಾಡಿಸಿದಳು. ಪಾಯಸ ಮಾಡಿ ಬೀದಿಗೆಲ್ಲ ಹಂಚಿದಳು. ಯಾಕೆ ಎಂದು ಕೇಳಿದವರಿಗೆಲ್ಲ ಪಾದ ತೋರಿಸಿ ಹೇಳಿದಳು.

ಮೂರನೆಯ ದಿನ ಹಿರಿಯರು ಬಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಂಟೂ ಗಾಜುಗಳನ್ನು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ.

"ಮೊದಲ ಎಲೆ ಎಲ್ಲಮ್ಮಾ?"

"ಇಡಲಿಲ್ಲ ಸರ್. ಇರೋದೇ ಎರಡು ಹನಿ. ಏನೂ ಇಲ್ಲದ ಕಡೆ ಅದನ್ನ ಹಾಳುಮಾಡೋದು ಯಾಕೆ ಅಂತ..."

"ಹಾಳಾಗಲಿ, ಇಡು."

"ಸರ್, ಅಲ್ಲಿ ಏನೂ ಹೊಳೆಯಲ್ಲ ಅಂತ ನಮಗೇ ಗೊತ್ತಲ್ಲ!"

"ನಮಗೆ ಗೊತ್ತು. ಗಾಜಿಗೆ ಗೊತ್ತೋ ಇಲ್ವೋ, ಒಂದು ಮಾತು ಕೇಳೋಣ."

ಅವಳು ಮನಸ್ಸಿಲ್ಲದ ಮನಸ್ಸಿನಿಂದ ಒಂದು ಖಾಲಿ ಗಾಜು ತೆಗೆದುಕೊಂಡಳು. ಎಲ್ಲವನ್ನೂ ಕ್ರಮವಾಗಿ ಬಡಿಸಿದಳು. ಶೀಷೆಯಿಂದ ಸೂಜಿಮೊನೆಯಷ್ಟೇ ಪ್ರತಿಕಾಯ ತೆಗೆದು ಹಾಕಿದಳು. ಕೊನೆಗೆ ಕಣ್ಣಿಟ್ಟಳು.

ಖಾಲಿ ಗಾಜು ಹೊಳೆಯುತ್ತಿತ್ತು.

ಮಂಜು ಕವಿದಂತೆ ಮಸುಕಾದ ಹಸಿರು ಬೆಳಕು. ಕೋಶವಿಲ್ಲ, ಎಳೆಯಿಲ್ಲ. ಆದರೂ ಬೆಳಕು. ಹಾಗಾದರೆ ಆ ಎಂಟು ಗಾಜುಗಳ ಬೆಳಕಿಗೆ ಅರ್ಥವೇನು? ಅವಳ ಕಣ್ಣ ಮುಂದೆ ಬೀದಿಗೆಲ್ಲ ಪಾಯಸ ಹಂಚುತ್ತಿರುವ ತಾಯಿ ಬಂದು ನಿಂತಳು. ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟಳು.

ಹಿರಿಯರು ಒಮ್ಮೆ ಇಣುಕಿದರು. ಅವರ ಮುಖ ಅರಳಿತು. ಮೊಮ್ಮಗು ಮೊದಲ ಮಾತಾಡಿದಾಗ ಅಜ್ಜನ ಮುಖ ಅರಳುತ್ತದಲ್ಲ, ಹಾಗೆ.

"ಅಳ್ತಾರೇನಮ್ಮಾ! ನಿನ್ನ ಪ್ರತಿಕಾಯ ಇವತ್ತು ಬಾಯಿ ಬಿಟ್ಟಿದೆ. ಏನು ಹೇಳ್ತಿದೆ, ಕೇಳಿಸಿಕೋ."

"ಏನು ಹೇಳೋದು ಸರ್? ಸುಳ್ಳು ಹೇಳ್ತಿದೆ. ಕೋಶವೇ ಇಲ್ಲ, ಯಾರನ್ನ ಹಿಡಿದು ನಿಂತಿದೆ?"

"ಆ ಎಲೆಗೆ ಏನೇನು ಬಡಿಸಿದೆ, ಹೇಳು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬೆರಳು ಮಡಚಿದಳು. "ನೀರು. ಹಾಲು..."

ಅಲ್ಲಿಗೇ ನಿಂತಳು. ಎರಡನೆಯ ಬೆರಳು ಮಡಚಿದ್ದು ಮಡಚಿದಂತೆಯೇ ಇತ್ತು.

ಎದ್ದು ಹೋಗಿ ಕಪಾಟಿನಿಂದ ಪುಸ್ತಕ ತೆಗೆದಳು. ಅವಳು ಎಂದೋ ಓದಿದ್ದ ಮಾತು ಅಲ್ಲೇ ಇತ್ತು. ಹಾಲಿನ ಪ್ರೋಟೀನಿನ ಮೇಲೂ ರಂಜಕದ ಗುರುತು ಇರುತ್ತದೆ. ಕರುವಿನ ಎಲುಬು ಗಟ್ಟಿಯಾಗಬೇಕಲ್ಲ. ಅದಕ್ಕೆ ಬೇಕಾದ ಸುಣ್ಣವನ್ನು ಹೊತ್ತು ತರಲೆಂದು ದೇವರು ಹಾಲಿಗೆ ಆ ಗುರುತನ್ನು ಮೊದಲೇ ಇಟ್ಟು ಕಳಿಸಿದ್ದಾನೆ. ಬೇರೆ ಪ್ರತಿಕಾಯಗಳು ಬೇರೆ ಏನನ್ನೋ ಹುಡುಕುವುವು, ಅವಕ್ಕೆ ಹಾಲಿನಿಂದ ತೊಂದರೆಯಿರಲಿಲ್ಲ. ಇದು ಹುಡುಕುವುದೇ ಆ ಗುರುತನ್ನು. ಪಾಪ, ಆ ಕಾವಲುಗಾರ ತನಗೆ ಹೇಳಿದ ಕೆಲಸವನ್ನೇ ಮಾಡಿದ್ದ. ಹಾಲು ಹೊಯ್ದವಳು ಅವಳು. ತಾನೇ ಹೊಯ್ದದ್ದು ಎದುರಿಗೆ ಹೊಳೆದಾಗ ಅದನ್ನು ಕೋಶದ ಹೊಳಪು ಎಂದುಕೊಂಡವಳೂ ಅವಳೇ.

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಸರ್, ಇಲಿ ಸಿಕ್ಕಿತು" ಎಂದಳು. "ಹಾಲು ಕುಡಿಯೋ ಇಲಿ."

"ನಾನೂ ಆ ಹಾಲನ್ನ ಮೂವತ್ತು ವರ್ಷ ಹೊಯ್ದವನೇ. ಪೂಜೆಗೆ ಕೂತ ಹಾಗೆ ಹೊಯ್ತಿದ್ದೆ" ಎಂದು ಹಿರಿಯರೂ ನಕ್ಕರು.

ಶೀಷೆಯಲ್ಲಿ ಒಂದು ಪಂಕ್ತಿಗೆ ಆಗುವಷ್ಟು ಉಳಿದಿತ್ತು. ಅದು ಮುಗಿದರೆ ಮತ್ತೆ ನಾಲ್ಕು ತಿಂಗಳು ಕಾಯಬೇಕು. ಈ ಸಲ ಅವಳು ಹಾಲು ಮುಟ್ಟಲಿಲ್ಲ. ಆ ಗುರುತಿಲ್ಲದ ಬೇರೊಂದು ಪ್ರೋಟೀನನ್ನು ನೀರಿನಲ್ಲಿ ಕಲಸಿ ಹೊಯ್ದಳು. ಎಲ್ಲಕ್ಕಿಂತ ಮೊದಲು ಖಾಲಿ ಗಾಜು ಇಟ್ಟಳು. ಅದರ ಪಕ್ಕದಲ್ಲಿ ಔಷಧಿಯನ್ನೇ ಕಾಣದ ಕೋಶಗಳ ಗಾಜು. ಉಳಿದ ಆರು ಗಾಜುಗಳಿಗೆ ಔಷಧಿ. ಮನಸ್ಸಿನಲ್ಲಿ ದೇವರನ್ನು ನೆನೆದಳು. ಹೊಳೆಯಲಿ ಎಂದು ಬೇಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸು ಎಂದಳು.

ಖಾಲಿ ಗಾಜಿಗೆ ಕಣ್ಣಿಟ್ಟಳು. ಕತ್ತಲು. ಒಂದು ಚುಕ್ಕೆಯೂ ಇಲ್ಲದ ಅಚ್ಚ ಕತ್ತಲು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. "ಸರ್, ಬನ್ನಿ, ಏನೂ ಕಾಣಿಸ್ತಿಲ್ಲ!" ಎಂದು ಕೂಗಿದಳು. ಹಿರಿಯರು ಬಂದು ಆ ಕತ್ತಲನ್ನು ನೋಡಿ ಬಾಯ್ತುಂಬ ಹೊಗಳಿದರು. ಎರಡನೆಯ ಗಾಜೂ ಕತ್ತಲು. ಮೂರು, ನಾಲ್ಕು, ಐದು, ಆರು, ಏಳು ಎಲ್ಲವೂ ಕತ್ತಲು.

ಎಂಟನೆಯ ಗಾಜಿನಲ್ಲಿ, ಒಂದು ಅಂಚಿನಲ್ಲಿ, ಮೂರು ಕೋಶಗಳು ತೋಳು ಚಾಚಿದ್ದವು. ತೋಳಿನ ಉದ್ದಕ್ಕೂ ಒಂದೊಂದು ಎಳೆ ಹೊಳೆಯುತ್ತಿತ್ತು. ಕೂದಲಿಗಿಂತ ಸಣ್ಣ, ಗೆರೆ ಎಳೆದಷ್ಟು ಸ್ಪಷ್ಟ. ಸುತ್ತಲೂ ಕತ್ತಲು.

ಮೊದಲ ದಿನದ ಬೆಳಕಿಗೆ ಓಡಿ ಹೋಗಿ ಫೋನ್ ಮಾಡಿದವಳು ಈ ಮೂರು ಗೆರೆಗಳ ಮುಂದೆ ಕೈ ಮುಗಿದು ಸುಮ್ಮನೆ ಕುಳಿತಳು.

ಶನಿವಾರ ಬಸ್ಸು ಹತ್ತಿ ಊರಿಗೆ ಹೋದಳು. ಈ ಮಾತನ್ನು ಫೋನಿನಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ತಾಯಿ ಬಾಗಿಲಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು.

"ಅವ್ವಾ, ನಾನು ಅವತ್ತು ಹೇಳಿದ್ದು ತಪ್ಪು. ಹೊಳೆದದ್ದು ನರ ಅಲ್ಲ. ನಾನೇ ಹೊಯ್ದಿದ್ದ ಹಾಲು. ಬೀದಿಯವರಿಗೆಲ್ಲ ಪಾಯಸ ಹಂಚಿದೆಯಲ್ಲ, ಈಗ ಅವರಿಗೆ ಏನು ಹೇಳ್ತೀಯಾ?"

ತಾಯಿ ಬತ್ತಿ ಕೆಳಗಿಟ್ಟಳು. ಮಗಳ ಮುಖವನ್ನೇ ನೋಡಿದಳು.

"ಏನಂದೆ? ಹಾಲು ಹೊಳೀತಾ?"

"ಹೂಂ ಕಣವ್ವಾ."

"ಮತ್ತೆ ನಾನು ದಿನಾ ಹಾಲು ಹಾಕುವಾಗ ಕಿಸಿಕಿಸಿ ನಗ್ತಿದ್ದೆಯಲ್ಲೇ! ನಂಗೆ ಹೇಳೋಕೆ ಬರ್ತಿರಲಿಲ್ಲ, ನಿಂಗೆ ನೋಡೋಕೆ ಬರ್ತಿರಲಿಲ್ಲ. ಈಗ ದುರ್ಬೀನು ಹಾಕಿ ನೋಡ್ಕಂಡು ಬಂದಿದೀಯಾ."

ಮಗಳು ನಗಲಾರದೆ ನಕ್ಕಳು. ತಾಯಿ ಅವಳನ್ನು ಹತ್ತಿರ ಕೂರಿಸಿಕೊಂಡಳು.

"ಪಾಯಸ ತಿಂದೋರು ಪಾಯಸ ವಾಪಸ್ಸು ಕೊಡ್ತಾರಾ? ಬಿಡು. ಹಾಲು ತೆಗೆದ ಮೇಲೆ ಏನಾದ್ರೂ ಉಳೀತಾ, ಅದನ್ನ ಹೇಳು."

"ಮೂರು ಎಳೆ ಉಳೀತವ್ವಾ. ಬರೀ ಮೂರು. ಅವು ಮಾತ್ರ ನಿಜ. ನಿನ್ನ ಕಾಲಿಗೆ ಅದು ಬರೋಕೆ ಇನ್ನೂ ಎಷ್ಟು ವರ್ಷವೋ, ಬರುತ್ತೋ ಇಲ್ಲವೋ, ನಂಗೊತ್ತಿಲ್ಲ."

ತಾಯಿ ತನ್ನ ಹಣೆ ಮುಟ್ಟಿಕೊಂಡಳು. ಬೆಳಗಿನ ಪೂಜೆಯ ವಿಭೂತಿ ಇನ್ನೂ ಅಲ್ಲಿತ್ತು.

"ದಿನಾ ನಾನು ಎಳ್ಕೊಳೋದೂ ಮೂರೇ ಗೆರೆ ಮಗಾ. ನಂಗೆ ಸಾಕು. ಏಳು, ಪಾಯಸ ಇಡಾಣ. ಈ ಸಲ ಮೂರು ಎಳೆಗೆ."

ಎದ್ದು ಅಡುಗೆಮನೆಗೆ ನಡೆದಳು. ಕಾಲಿಗೆಂದು ಮನೆಯೊಳಗೂ ಹಾಕುತ್ತಿದ್ದ ಚಪ್ಪಲಿಯಲ್ಲಿ ಒಂದು ಹೊಸ್ತಿಲಲ್ಲೇ ಕಳಚಿ ಉಳಿಯಿತು. ಮಗಳು ಅದನ್ನು ಎತ್ತಿಕೊಂಡು, ನಗುತ್ತ ಹಿಂದೆ ಹೋದಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಮೊರ ಎಳೆದುಕೊಂಡರು. ಮರುಳಯ್ಯನ ಮುಖದಲ್ಲಿ ನಗುವೂ ಇತ್ತು, ಅಳುಕೂ ಇತ್ತು.

"ಬುದ್ಧಿ, ಪ್ರತಿ ಸೋಮವಾರ ನಾನೂ ಹಾಲು ಹೊಯ್ದು ಬರುತ್ತಿದ್ದೇನೆ. ನನ್ನ ದನಿ, ನನ್ನ ಕಡಲೆ ಬೆಲ್ಲ, ನನ್ನ ಪ್ರೀತಿ. ನನಗೆ ಹೊಳೆದದ್ದು ಅದೇ ಇದ್ದರೂ ಇರಬಹುದು. ಹಾಗಾದರೆ ನನ್ನ ಮೊದಲ ಎಲೆ ಯಾವುದು? ಅದನ್ನು ಎಲ್ಲಿ ಇಡಲಿ?"

ಗುರುಗಳು ಒಂದು ಅವರೆಕಾಳನ್ನು ಬೆಳಕಿಗೆ ಹಿಡಿದು ನೋಡಿದರು. ಹುಳುವಿರಲಿಲ್ಲ. ಸಂತೋಷದಿಂದ ಅದನ್ನು ಬುಟ್ಟಿಗೆ ಹಾಕಿದರು.

"ನಾಳೆ ನೀನು ಒಳಗೆ ಹೋಗಬೇಡ ಮರುಳಯ್ಯಾ, ಹೂ ಮಾರುವವಳ ಪಕ್ಕದಲ್ಲಿ ನಿಂತು, ನೀನಿಲ್ಲದೆ ಹಾಡು ಬರುತ್ತದೆಯೋ ಕೇಳು."

ಮರುಳಯ್ಯ ಇನ್ನೊಂದು ಅವರೆಕಾಯಿ ಬಿಡಿಸಿ, ಕಾಳನ್ನು ಬೆಳಕಿಗೆ ಹಿಡಿದ.